ಕ್ಯಾಮಲಿನಾ ಷೆಡ್ಡಿನಲ್ಲಿ ಇನ್ಯಾರೋ ಇದ್ದಾರೆ

ನಮ್ಮ ಷೆಡ್ಡಿಗೆ ಬಂದವರು ಒಂದಲ್ಲ ಒಂದು ದಿನ ಹೆದರಿಕೊಂಡೇ ಹೋಗುತ್ತಾರೆ. ಈಗ ಯಾರಾದರೂ ನೆಮ್ಮದಿಯಾಗಿ ಹೊರಗೆ ಬಂದರೆ ನನಗೇ ಅನುಮಾನ.

ಷೆಡ್ಡು ಇರುವುದು ಬೆಂಗಳೂರಿನ ಹೊರಗೆ, ಚಿಕ್ಕಜಾಲದ ಹಿಂದೆ. ಕ್ಯಾಮಲಿನಾ ಎಂಬ ಹೊಸ ಬೆಳೆಯ ಬೀಜವನ್ನು ಅಲ್ಲಿ ಒಣಗಿಸಿ, ಜರಡಿ ಹಿಡಿದು, ಎಣ್ಣೆ ತೆಗೆಯಲು ಕಳಿಸುತ್ತೇವೆ. ಆ ಎಣ್ಣೆಯಿಂದ ವಿಮಾನದ ಇಂಧನ ಮಾಡುತ್ತಾರಂತೆ. ಬೀಜ ಸಾಸಿವೆಗಿಂತ ಸಣ್ಣದು, ಮುಷ್ಟಿಯಲ್ಲಿ ಹಿಡಿದರೆ ನಿಲ್ಲುವುದಿಲ್ಲ. ಯಶವಂತಪುರದ ಮಂಡಿಯಲ್ಲಿ ಕಡಲೆಕಾಯಿ ನೋಡಿಕೊಂಡಿದ್ದ ನನ್ನನ್ನು ಮೇಲ್ವಿಚಾರಕ ಎಂದು ತಂದು ಕೂರಿಸಿದರು. ಮೊದಲ ಬೆಳೆ ಹಸಿ ಉಳಿದರೆ ಷೆಡ್ಡಿಗೆ ಬೀಗ, ಎಲ್ಲರೂ ಮನೆಗೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು. ನನಗೆ ದೆವ್ವಕ್ಕಿಂತ ಆ ಬೀಗದ್ದೇ ಭಯ.

ಶ್...

ಜರಡಿ ಹಿಡಿಯುವವರು ಸುತ್ತಲಿನ ಹಳ್ಳಿಗಳ ಹೆಂಗಸರು. ಅವರ ಮಾತಿನ ಗದ್ದಲದಲ್ಲಿ ಯಂತ್ರ ಕೆಟ್ಟು ನಿಂತರೂ ಗೊತ್ತಾಗುವುದಿಲ್ಲ. ಒಂದು ಮಧ್ಯಾಹ್ನ ನೋಡಿದರೆ ಎಲ್ಲರೂ ಗಪ್‌ಚುಪ್. ಅವರಲ್ಲಿ ಹಿರಿಯಳು, ಎಲ್ಲರೂ ಅಜ್ಜಿ ಎಂದು ಕರೆಯುವವಳು, ನನ್ನನ್ನು ಮೂಲೆಗೆ ಕರೆದಳು.

"ಸಾಮಿ, ಮೂಟೆ ಇಂದೆ ಯಾರೋ ಅವ್ರೆ. ನಾವ್ ಬಾಯ್ ಬುಟ್ರೆ ಶ್ ಅಂತಾರೆ."

ಕಿವಿಗೊಟ್ಟೆ. ನಿಜ. ಮೂಟೆಗಳ ಹಿಂದಿನ ಕತ್ತಲಲ್ಲಿ ಯಾರೋ ಉಸಿರು ತೆಗೆದುಕೊಳ್ಳದೆ ಒಂದೇ ಸಮನೆ ಶ್... ಎನ್ನುತ್ತಿದ್ದರು. ದೇವರ ಹೆಸರು ಹೇಳಿಕೊಂಡು ಬಗ್ಗಿ ನೋಡಿದೆ. ಮೂಟೆಯ ಹೊಲಿಗೆ ತೂತಿನಿಂದ ಬೀಜ ನೂಲಿನ ಹಾಗೆ ಇಳಿದು ನೆಲದ ಬಿರುಕಿನೊಳಕ್ಕೆ ಹೋಗುತ್ತಿತ್ತು.

ಆದರೆ ಮಾತು ನಿಂತಿದ್ದರಿಂದ ಅಷ್ಟು ಹೊತ್ತಿಗೆ ಸಂಜೆಯವರೆಗಿನ ಜರಡಿ ಕೆಲಸವೆಲ್ಲ ಮುಗಿದೇ ಹೋಗಿತ್ತು. ತೂತಿನ ಕೆಳಗೊಂದು ಬಕೆಟ್ ಇಟ್ಟು ಈಚೆ ಬಂದು, "ಹೌದಜ್ಜಿ, ಯಾರೋ ಇದ್ದಾರೆ" ಎಂದೆ.

ಹೆಜ್ಜೆ

ಆರ್.ಟಿ. ನಗರದ ಲಾರಿ ಡ್ರೈವರ್ ಒಬ್ಬರು ಬೀಜ ತರುತ್ತಿದ್ದರು. ಭಾರಿ ಆಸಾಮಿ, ನಡೆದರೆ ನೆಲ ಅದುರಬೇಕು. ಒಂದು ಬೆಳಿಗ್ಗೆ ಹತ್ತಿರದ ದಾರಿ ಎಂದು ಒಣಗಿದ ಬೀಜದ ರಾಶಿಯನ್ನೇ ದಾಟಿದರು. ಆಚೆ ಹೋಗಿ ತಿರುಗಿ ನೋಡುತ್ತಾರೆ, ಒಂದು ಹೆಜ್ಜೆ ಗುರುತೂ ಇಲ್ಲ. ಒಣಬೀಜ ಹರಿದು ಬಂದು ಗುಂಡಿ ಮುಚ್ಚುತ್ತದೆ ಎಂಬುದು ಅವರಿಗೆ ಹೊಸದು. ಇನ್ನೊಮ್ಮೆ ದಾಟಿದರು. ಬಂದ ದಾರಿ ಮತ್ತೆ ಸದ್ದಿಲ್ಲದೆ ಅಳಿಸಿಹೋಯಿತು. ಮುಖದಲ್ಲಿ ರಕ್ತವಿಲ್ಲದೆ ನನ್ನ ಹತ್ತಿರ ಬಂದರು.

"ಸಾರ್, ಬರ್ತಾ ಹೆಬ್ಬಾಳದ ಹತ್ರ ಲಾರಿ ಆಕ್ಸಿಡೆಂಟ್ ಸ್ವಲ್ಪದರಲ್ಲಿ ತಪ್ತು. ನಿಜವಾಗ್ಲೂ ತಪ್ತಾ? ನಾನ್ ಬದುಕಿದೀನಾ?"

ನಾನು ಏನು ಹೇಳಿದರೂ ನಂಬಲಿಲ್ಲ. ಕೊನೆಗೆ, ಮನೆಗೆ ಫೋನ್ ಮಾಡಿ ನೋಡಿ ಎಂದೆ. ಆ ಕಡೆಯಿಂದ ಅವರ ಅಮ್ಮಿ ಉರ್ದುವಿನಲ್ಲಿ ಬೈದದ್ದು ನನಗೂ ಕೇಳಿಸಿತು. ಗ್ಯಾಸ್ ಸಿಲಿಂಡರ್ ಬದಲಾಯಿಸದೆ ಹೋಗಿದ್ದರಂತೆ. ಫೋನ್ ಜೇಬಿಗೆ ಹಾಕಿಕೊಂಡು ದೊಡ್ಡ ಉಸಿರು ಬಿಟ್ಟರು.

"ಇದೀನಿ ಸಾರ್."

ಮುಚ್ಚಳದ ಒಳಗೆ

ಕಂಪನಿಯ ಅಧಿಕಾರಿ ಮೊದಲ ಬೆಳೆ ಪರೀಕ್ಷೆ ಮಾಡಲು ಬರುವ ದಿನ ಬಂತು. ಬೀಜವೆಲ್ಲ ದೊಡ್ಡ ಡ್ರೈಯರಿನಲ್ಲಿತ್ತು, ಕೆಳಗಿನಿಂದ ಬಿಸಿಗಾಳಿ ಆಡುತ್ತಿತ್ತು. ಸಹಕಾರನಗರದಿಂದ ಬಂದ ಆ ಮನುಷ್ಯ ಇಸ್ತ್ರಿ ಮಾಡಿದ ಅಂಗಿಯಲ್ಲಿ ಏಣಿ ಹತ್ತಿದರು. ಹಿಂದೆ ನಾನು, ಕೆಳಗೆ ಹೆಂಗಸರೆಲ್ಲ.

ಮುಚ್ಚಳ ತೆಗೆದರು. ಒಳಗೆ ಕಂದುಬಣ್ಣದ, ಹೊಳೆಯುವ ಏನೋ ಒಂದು ಉಸಿರಾಡುತ್ತಿತ್ತು. ಮೆಲ್ಲಗೆ ಉಬ್ಬುವುದು, ಇಳಿಯುವುದು. ಇನ್ನೊಮ್ಮೆ ಉಬ್ಬಿದಾಗ ಅದರೊಳಗಿಂದ ಕೆಂಪು ಕಣ್ಣು, ಮೀಸೆ, ಕೋರೆಹಲ್ಲಿನ ಮುಖವೊಂದು ಮೇಲೆದ್ದು ಬಂದು ಅಧಿಕಾರಿಯನ್ನೇ ನೋಡಿತು. ಅವರು ಚೀರಿ ನನ್ನ ತಲೆಯ ಮೇಲೆ ಕುಳಿತರು. ನಾನೂ ಚೀರಿದೆ.

ನಡೆದದ್ದು ಇಷ್ಟು. ಹೆಂಗಸರು ನನಗೆ ಹೇಳದೆ ಒಂದು ಬೂದುಗುಂಬಳಕ್ಕೆ ಕುಂಕುಮದಲ್ಲಿ ಮುಖ ಬರೆದು, ಯಾರಿಗೂ ಕಾಣದಿರಲಿ ಎಂದು ಮುಚ್ಚಳದ ಒಳಗಡೆಗೇ ಕಟ್ಟಿದ್ದರು. ಬಿಸಿಗಾಳಿಗೆ ಅದು ಬೆಂದು, ಬಿರಿದು, ಕೆಳಗೆ ಬಿದ್ದು ನೀರು ಬಿಟ್ಟಿತ್ತು. ಈ ಬೀಜ ನೀರು ಸೋಕಿದರೆ ಕಾಮಕಸ್ತೂರಿಯ ಹಾಗೆ ಊದಿ ಲೋಳೆಯಾಗುತ್ತದೆ. ಆ ಲೋಳೆಯನ್ನು ಗಾಳಿ ಕೆಳಗಿನಿಂದ ಎತ್ತಿ ಇಳಿಸುತ್ತಿತ್ತು.

ಮುಗಿಯಿತು, ಬೀಗ ಬಿತ್ತು ಎಂದುಕೊಂಡೆ. ಅಳುವೇ ಬಂತು. ಅಧಿಕಾರಿ ಮಾತ್ರ ನಡುಗುತ್ತಲೇ ಅಂಗಿಯ ತೋಳು ಮಡಿಸಿ, ಲೋಳೆ ಸರಿಸಿ, ಕೆಳಗೆ ಕೈ ಹಾಕಿದರು. ಬೀಜ ಗರಿಗರಿ ಒಣಗಿತ್ತು. ಮೇಲಿನ ಲೋಳೆ ಒಂದು ಹನಿಯನ್ನೂ ಕೆಳಗೆ ಬಿಟ್ಟಿರಲಿಲ್ಲ. ಕೆಳಗಿನ ಕಿಂಡಿಯಿಂದಲೂ ತೆಗೆದು ನೋಡಿ, "ಪಾಸು" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಏಣಿ ಇಳಿದು, ನೀರು ಕುಡಿದು, ಬೆವರು ಒರೆಸಿಕೊಂಡು ಅವರು ಹೆಂಗಸರ ಕಡೆ ತಿರುಗಿದರು.

"ಅಲ್ರಮ್ಮ, ಇಷ್ಟು ಒಳ್ಳೆ ಬೀಜಕ್ಕೆ ಯಾರ ಕಣ್ಣು ಬೀಳುತ್ತೆ ಅಂತ ಅದನ್ನ ಕಟ್ಟಿದ್ರಿ?"

ಅಜ್ಜಿ ಸೆರಗು ಸರಿಮಾಡಿಕೊಂಡು ಬಹಳ ಗೌರವದಿಂದ ಕೈಮುಗಿದಳು.

"ನಿಮ್ದೇ ಸಾಮಿ."