ನೀರು ಸೋಕಬಾರದ ನೆಲ

ಮನೆ ಕಟ್ಟಿಸೋ ಹೆಂಗಸು ತನಗೇಂತ ಒಂದೇ ಒಂದು ಆಸೆ ಇಟ್ಕೊಂಡ್ರೂ ಸಾಕು, ಅದನ್ನ ರಿಪೇರಿ ಮಾಡೋಕೆ ಊರಿನ ಜನ ಕೈಲಿರೋ ಕೆಲಸ ಬಿಟ್ಟು ಬಂದ್ಬಿಡ್ತಾರೆ. ನಮ್ಮ ಮನೆಗೆ ಪಾಯ ತೆಗೆದಾಗಿನಿಂದ ಇದೇ ನಡೀತಾ ಇದೆ. ಹೇಳ್ಕೊಂಡ್ರೆ ಕೇಳೋರು ನಗ್ತಾರೆ. ನಗಲಿ. ನನಗೆ ಮಾತ್ರ ಈಗಲೂ ಮೈ ಉರಿಯುತ್ತೆ.

ನಾನು ದೊಡ್ಡಬಳ್ಳಾಪುರದ ಹತ್ರ ಒಂದು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರು. ಹೆಸರಿಗೆ ಸೂಪರ್‌ವೈಸರು, ಕೆಲಸ ನಿಂತ್ಕೊಳ್ಳೋದು. ಸಿಮೆಂಟ್ ನೆಲದ ಮೇಲೆ ನಿಂತೂ ನಿಂತೂ ನನ್ನ ಹಿಮ್ಮಡಿ ಕೆಟ್ಟು ಕೂತಿದೆ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ರೆ ಪ್ರಾಣ ಬಾಯಿಗೆ ಬರುತ್ತೆ. ಒಂದ್ಸಲ ಕಂಪನಿಯವರು ಬೆಂಗಳೂರಿನ ದೊಡ್ಡ ಹೋಟೆಲಲ್ಲಿ ಮೀಟಿಂಗ್ ಇಟ್ಟಿದ್ರು. ಅಲ್ಲಿ ಮರದ ನೆಲ. ಮೇಜಿನ ಕೆಳಗೆ ಮೆಲ್ಲಗೆ ಚಪ್ಪಲಿ ಕಳಚಿ ಕಾಲು ಊರಿದೆ. ಆಮೇಲೆ ಮೀಟಿಂಗಲ್ಲಿ ಏನು ಹೇಳಿದ್ರೋ ದೇವರಾಣೆ ಗೊತ್ತಿಲ್ಲ. ಅವತ್ತೇ ತೀರ್ಮಾನ ಮಾಡ್ದೆ, ಹೊಸ ಮನೆಯ ನಡುಮನೆಗೆ ಮರದ ನೆಲಾನೇ. ದೇವರಮನೆ ಅತ್ತೆಗೆ ಬೇಕಾದ ಹಾಗೆ ಇರಲಿ, ಗೇಟು ನಮ್ಮ ಯಜಮಾನ್ರಿಗೆ ಬೇಕಾದ ಹಾಗೆ ಇರಲಿ, ನಡುಮನೆಯ ನೆಲ ಒಂದು ನಂದು ಅಂದೆ. ಅಷ್ಟೇ ನಾನು ಕೇಳಿದ್ದು.

ಸೋಮವಾರ

ಶೋರೂಮಿಗೆ ನಾನೂ ಯಜಮಾನ್ರೂ ಹೋದ್ವಿ. ಅಲ್ಲಿದ್ದ ಸೇಲ್ಸ್‌ನವನು ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. "ಸರ್, ನಿಮಗೆ ಯಾವ ಥರದ್ದು ಇಷ್ಟ?" ಅಂತ ಅವರನ್ನ ಕೇಳ್ದ. "ನನ್ನನ್ನ ಕೇಳ್ಬೇಡಪ್ಪ, ನಾನು ಗಾಡಿ ಓಡ್ಸೋಕೆ ಬಂದಿರೋನು" ಅಂದ್ರು ಇವರು.

ಆಗ ನನಗೆ ಒಂದು ಪ್ಲಾಸ್ಟಿಕ್ ಹಾಳೆ ತೋರಿಸ್ದ. "ಮೇಡಂ, ಇದು ನೋಡೋಕೆ ಮರದ ಥರಾನೇ ಇರುತ್ತೆ."

"ಥರ ಬೇಡ, ಮರ ತೋರ್ಸು" ಅಂದೆ.

ಇನ್ನೊಂದು ತಂದ. "ಇದು ಮುಟ್ಟಿದ್ರೂ ಮರದ ಥರಾನೇ ಮೇಡಂ."

"ಅಲ್ಲಪ್ಪ, ನಾನು ಅಕ್ಕಿ ಕೇಳಿದ್ರೆ ಅಕ್ಕಿ ಥರದ್ದು ಅಳೆದು ಕೊಡ್ತೀಯಾ?" ಅಂತ ಜೋರು ಮಾಡಿದ ಮೇಲೆ ಒಳಗಿಂದ ನಿಜವಾದ ಮರ ಹೊರಗೆ ಬಂತು.

ತೇಗ, ಓಕ್, ಬೀಚ್ ಅಂತ ಸಾಲಾಗಿ ಜೋಡಿಸಿಟ್ಟ. ನಾನು ಚಪ್ಪಲಿ ಬಿಟ್ಟು ಒಂದೊಂದರ ಮೇಲೂ ಕಣ್ಣು ಮುಚ್ಕೊಂಡು ನಿಂತೆ. "ಇಳಿಯೇ, ಎಲ್ರೂ ನೋಡ್ತಿದ್ದಾರೆ" ಅಂತ ಯಜಮಾನ್ರು ಹಲ್ಲು ಕಚ್ಚಿಕೊಂಡು ಹೇಳಿದ್ರು. "ನೋಡ್ಲಿ ಬಿಡಿ, ಅವರ ಹಿಮ್ಮಡಿಯಾ ನೋಯೋದು?" ಅಂದೆ. ತೇಗ ಹಾಕಿದ್ರೆ ನಡುಮನೆ ಕತ್ತಲೆ. ಓಕ್‌ಗೆ ದಪ್ಪ ದಪ್ಪ ಗೆರೆ, ನನಗೆ ಹಿಡಿಸ್ಲಿಲ್ಲ. ಬೀಚ್ ಮಾತ್ರ ತಿಳಿ ಬಣ್ಣ, ಕಾಯಿಸಿದ ಹಾಲಿನ ಕೆನೆ ಮೇಲೆ ಎಳ್ಳು ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ಎಲ್ಲೋ ಪರದೇಶದ ಮರ, ಹಡಗಲ್ಲಿ ಬರುತ್ತಂತೆ. ಗೇಣುದ್ದದ ಪಟ್ಟಿಗಳನ್ನ ಜಡೆ ಹೆಣೆದಂಗೆ ಜೋಡಿಸ್ತಾರೆ, ಅದಕ್ಕೆ ಪಾರ್ಕೆ ಅಂತ ಹೆಸರಂತೆ. ಇದೇ ಬೇಕು ಅಂದೆ.

"ಒಳ್ಳೆ ಗಟ್ಟಿ ಮರ ಮೇಡಂ. ಆದ್ರೆ ಮೊದಲೇ ಹೇಳ್ಬಿಡ್ತೀನಿ, ಬೀಚ್‌ಗೆ ನೀರು ಆಗಿಬರಲ್ಲ. ಚೆಲ್ಲಿದ ತಕ್ಷಣ ಒರೆಸ್ಬಿಡ್ಬೇಕು. ಬಿಟ್ರೆ ಕುಡಿದು ಉಬ್ಬಿಬಿಡುತ್ತೆ" ಅಂದ. ಆಯ್ತಪ್ಪ, ಒರೆಸ್ತೀನಿ ಅಂದೆ. ವಿಳಾಸ ಕೇಳ್ದ, ಹೇಳ್ದೆ. ದೊಡ್ಡಬಳ್ಳಾಪುರ ಅಂತ ಕಿವಿಗೆ ಬಿದ್ದಿದ್ದೇ ಮುಖ ಅರಳಿಸ್ಕೊಂಡು, "ಓ, ಫಾರ್ಮ್ ಹೌಸಾ ಮೇಡಂ? ಶನಿವಾರ ಭಾನುವಾರ ಬಂದು ಹೋಗೋಕಾ?" ಅಂದ.

ಯಲಹಂಕ ದಾಟಿದ ಮೇಲೆ ಜನ ವಾಸ ಮಾಡ್ತಾರೆ ಅನ್ನೋದೇ ಇವರಿಗೆ ಗೊತ್ತಿಲ್ಲ. "ಇಲ್ಲಪ್ಪ," ಅಂದೆ, "ನಾವು ಸೋಮವಾರಾನೂ ಅಲ್ಲೇ ಇರ್ತೀವಿ."

ವಾಟ

ನಮ್ಮ ಕಡೆ ನೆಲ ಮಾಡೋವಾಗ ಬಾಗಿಲ ಕಡೆಗೆ ಒಂಚೂರು ಇಳಿಜಾರು ಬಿಡ್ತಾರೆ. ಅದಕ್ಕೆ ವಾಟ ಅನ್ನೋದು. ಶುಕ್ರವಾರಕ್ಕೆ, ಹಬ್ಬಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ಪೊರಕೆಯಲ್ಲಿ ತಳ್ಳಿದ್ರೆ ಅದು ಸೀದಾ ಅಂಗಳಕ್ಕೆ ಇಳೀಬೇಕು. ಆದ್ರೆ ಪಾರ್ಕೆ ಹಾಸೋರು ಹೇಳಿದ್ರು, ಕೆಳಗಿನ ಸಿಮೆಂಟು ತಟ್ಟೆ ಹಾಗೆ ಸಮ ಇರ್ಬೇಕು ಅಂತ. ನಾನು ಮೇಸ್ತ್ರಿಗೆ ಬಿಡಿಸಿ ಬಿಡಿಸಿ ಹೇಳ್ದೆ. "ಆಯ್ತಕ್ಕ, ಆಯ್ತಕ್ಕ" ಅಂತ ತಲೆ ಆಡಿಸ್ದ.

ಮಾರನೇ ಸಂಜೆ ಫ್ಯಾಕ್ಟರಿಯಿಂದ ಬಂದು ನೋಡಿದ್ರೆ ಯಾಕೋ ಅನುಮಾನ. ಬ್ಯಾಗಲ್ಲಿ ಒಂದು ದಾರದ ರೀಲು ಇತ್ತು, ಅಡ್ಡ ಮಲಗಿಸಿ ನೆಲದ ಮೇಲಿಟ್ಟೆ. ಅದು ಪುಟಪುಟ ಉರುಳ್ಕೊಂಡು ಬಾಗಿಲು ದಾಟಿ ಅಂಗಳಕ್ಕೆ ಹೋಯ್ತು. ಮೂಲೆ ನೋಡಿದ್ರೆ ನೀರು ಹೋಗೋಕೆ ಅಂತ ಒಂದು ಪೈಪು ಬೇರೆ.

"ಏನಪ್ಪಾ ಇದು, ವಾಟ ಬೇಡ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ ಅಕ್ಕಾ. ಆದ್ರೂ ವಾಟ ಇಲ್ದಿರೋ ಮನೆ ಇರುತ್ತಾ? ಜಾಸ್ತಿ ಬಿಟ್ಟಿಲ್ಲ, ಒಂಚೂರೇ. ನಾಳೆ ನೀರು ಹಾಕಿದ್ರೆ ಎಲ್ಲಿಗೆ ಹೋಗ್ಬೇಕು ಹೇಳಿ?"

"ನಾನು ಈ ನೆಲಕ್ಕೆ ನೀರೇ ಹಾಕಲ್ಲ ಮೇಸ್ತ್ರಿ."

ಅವನು ಕರಣೆ ಕೆಳಗಿಟ್ಟ. ನನ್ನ ಮುಖ ನೋಡ್ದ, ಆಮೇಲೆ ಹೊರಗೆ ಹೋಗಿ ನಮ್ಮ ಯಜಮಾನ್ರ ಹತ್ರ ಪಿಸುಗುಟ್ಟಿದ್ದು ನನಗೆ ಚೆನ್ನಾಗಿ ಕೇಳಿಸ್ತು. "ಅಣ್ಣಾ, ಅಕ್ಕನ ತವರುಮನೇಲೂ ನೆಲ ತೊಳೆಯಲ್ವಾ?"

ವಾಟ ಒಡೆಸಿ ಸಮ ಮಾಡಿಸ್ದೆ, ಅದೊಂದು ಯುದ್ಧ. ಆದ್ರೆ ಮಾತು ಅಷ್ಟೊತ್ತಿಗೆ ಊರು ಸೇರಿತ್ತು. ಆ ವಾರ ಡೈರಿಗೆ ಹಾಲು ಹಾಕೋಕೆ ಬಂದಿದ್ದ ಹೆಂಗಸೊಬ್ಬಳು ನನ್ನ ಕೈ ಹಿಡ್ಕೊಂಡು, "ಮೈಗೆ ಹುಷಾರಿಲ್ವೇನೇ? ನೆಲ ತೊಳೆಯೋದೇ ಬಿಟ್ಬಿಟ್ಟಿದ್ದೀಯಂತೆ. ನಾನಾದ್ರೂ ಬಂದು ತೊಳ್ಕೊಡ್ಲಾ?" ಅಂದ್ಳು. ಆ ಮನೆಗೆ ಅವತ್ತಿಗೆ ಇನ್ನೂ ನೆಲಾನೇ ಬಿದ್ದಿರ್ಲಿಲ್ಲ.

ಗೆದ್ದಲು

ಮರದ ನೆಲ ಅಂತ ಬಾಯಿ ಬಿಟ್ರೆ ಸಾಕು, ಎದುರಿಗಿದ್ದೋರು "ಗೆದ್ದಲು" ಅಂತಾರೆ. ನಂದಗುಡಿಯಿಂದ ಬಂದ ನಾದಿನಿ ಗಂಡ ಅಂದ್ರು, ಬೂದಿಗೆರೆಯಿಂದ ಬಂದ ಯಜಮಾನ್ರ ಷಡ್ಡಕ ಅಂದ್ರು, ಮೀಟರ್ ಹಾಕೋಕೆ ಬಂದ ಕರೆಂಟಿನವನೂ ಅಂದ. ಔಷಧಿ ಹೊಡೆಸಿದ್ದೀನಿ ಅಂದ್ರೂ ಕೇಳಲ್ಲ. ನಾದಿನಿ ಗಂಡನಂತೂ ಮರದ ಬಾಗಿಲಿಗೆ ಒರಗಿ, ಮರದ ಸ್ಟೂಲಿನ ಮೇಲೆ ಕೂತು, ಮರದ ನೆಲ ಹೇಗೆ ಪುಡಿಪುಡಿ ಆಗುತ್ತೆ ಅಂತ ಕಾಫಿ ಮುಗಿಯೋ ತನಕ ವಿವರಿಸಿದ್ರು. ನಮ್ಮ ಜಿಲ್ಲೆಯ ಗೆದ್ದಲಿಗೆ ಬಾಗಿಲು, ಕಿಟಕಿ, ಮಂಚ, ಸ್ಟೂಲು ಯಾವುದೂ ಸೇರಲ್ವಂತೆ. ನನ್ನ ನೆಲಕ್ಕೇ ಕಾದು ಕೂತಿದೆ.

ಸೌದೆ

ನಮ್ಮತ್ತೇದು ಮೊದಲಿಂದ ವಿರೋಧ. "ಮಣೆ ಮೇಲೆ ಕೂತು ಊಟ ಮಾಡೋದು ನೋಡಿದ್ದೀನಿ, ಮದುವೆ ಮಾಡೋದು ನೋಡಿದ್ದೀನಿ. ಮಣೆ ಮೇಲೆ ಓಡಾಡೋದು ಎಲ್ಲೂ ನೋಡಿಲ್ಲ" ಅಂತ ಎಲ್ಲರ ಮುಂದೆ ಹೇಳ್ತಿದ್ರು. ಪಟ್ಟಿಗಳು ಬಂದಾಗ ಒಂದನ್ನ ಎತ್ತಿ ನೋಡಿ, "ಇಷ್ಟಿಷ್ಟೇ ಚೂರಾ? ಉದ್ದ ಹಲಗೆ ಎಲ್ಲ ಬೇರೆಯೋರಿಗೆ ಮಾರ್ಕೊಂಡು ಉಳಿದ ತುಂಡು ನಿನ್ನ ತಲೆಗೆ ಕಟ್ಟಿದ್ದಾನೆ ಕಣೆ" ಅಂದ್ರು.

"ಅದು ಇರೋದೇ ಹಾಗೆ ಕಣತ್ತೆ, ಹೆಣೀಬೇಕಲ್ಲ."

"ಹೆಣ್ಕೋ, ಹೆಣ್ಕೋ. ಬುಟ್ಟಿ ಮಾಡ್ತೀಯೋ, ಮನೆ ಮಾಡ್ತೀಯೋ."

ಹಾಸಿದ ಮೇಲೆ ಎಂಥ ಚೆಂದ ಕಾಣಿಸ್ತು ಅಂದ್ರೆ, ಬೆಳಕು ಬಿದ್ದಾಗ ನನಗೆ ಕಣ್ಣಲ್ಲಿ ನೀರು ಬಂತು. ಅದನ್ನೂ ನೆಲದ ಮೇಲೆ ಬೀಳದ ಹಾಗೆ ಒರೆಸ್ಕೊಂಡೆ. ಹಾಸಿದೋರು ಹೋಗೋವಾಗ ಒಂದು ಕಟ್ಟು ಪಟ್ಟಿ ಕೊಟ್ಟು, "ಇದು ಜೋಪಾನ ಅಮ್ಮ. ಮುಂದೆ ಎಲ್ಲಾದ್ರೂ ಒಂದು ಹಾಳಾದ್ರೆ ಇದೇ ಬಣ್ಣದ್ದು ಮತ್ತೆ ಸಿಗಲ್ಲ" ಅಂದ್ರು. ನಾವು ಆಗ ಇನ್ನೂ ಹಳೇ ಮನೇಲಿದ್ವಿ. ಕಟ್ಟನ್ನ ಗೋಣಿಚೀಲದಲ್ಲಿ ಸುತ್ತಿ, ಮಳೆ ಬೀಳದಿರೋ ಜಾಗ ಅಂತ ಬಚ್ಚಲುಮನೆ ಪಕ್ಕದ ಚಪ್ಪರದಡಿ ಇಟ್ಟೆ.

ಒಂದು ಭಾನುವಾರ ಸ್ನಾನಕ್ಕೆ ಹೋದೆ. ಹಂಡೆ ನೀರು ಕುದೀತಾ ಇದೆ. ಒಲೇಲಿ ನೋಡ್ತೀನಿ, ನನ್ನ ಬೀಚ್ ಮರ. ಗೋಣಿಚೀಲ ಮಡಚಿ ಪಕ್ಕಕ್ಕೆ ಇಟ್ಟಿದ್ರು, ಅದು ಮಾತ್ರ ಜೋಪಾನವಾಗಿತ್ತು.

ಅತ್ತೆ ಹಿಂದಿನಿಂದ ಬಂದು, ಆ ಮರವನ್ನ ಮೊದಲನೇ ಸಲ ಮನಸಾರೆ ಹೊಗಳಿದ್ರು. "ತಪ್ಪು ತಿಳ್ಕೊಂಡಿದ್ದೆ ಕಣೆ. ಒಳ್ಳೆ ಮರ. ಒಂದು ಚೂರು ಹೊಗೆ ಇಲ್ಲ. ಇನ್ನೊಂದು ಕಟ್ಟು ತರಿಸ್ಬಿಡು."

ಗೃಹಪ್ರವೇಶ

ಗೃಹಪ್ರವೇಶಕ್ಕೆ ಮುಂಚೆ ಪುರೋಹಿತರು ಮನೆ ನೋಡೋಕೆ ಬಂದ್ರು. ನಡುಮನೆಯ ಮಧ್ಯೆ ನಿಂತು, "ಹೋಮಕುಂಡ ಇಲ್ಲಿ" ಅಂತ ಕಾಲಲ್ಲಿ ಗುರುತು ಮಾಡಿದ್ರು.

"ಮರದ ನೆಲದ ಮೇಲೆ ಬೆಂಕಿನಾ ಸ್ವಾಮಿ?"

"ಬೆಂಕಿ ಅನ್ಬಾರದು ತಾಯಿ, ಅಗ್ನಿದೇವ."

"ಯಾರೇ ಆಗ್ಲಿ ಸ್ವಾಮಿ, ಜಗಲಿ ಮೇಲೆ ಕೂರಿಸಿ" ಅಂದೆ. ಅವರು ಗೊಣಗಿಕೊಂಡು ಒಪ್ಪಿದ್ರು. ಹಾಲು ಉಕ್ಕಿಸೋದು ಅಡಿಗೆಮನೇಲಿ, ಅಲ್ಲಿ ಟೈಲ್ಸ್ ಇದೆ, ಚಿಂತೆ ಇಲ್ಲ. ಆರತಿ ನೀರು ಹೊಸ್ತಿಲ ಆಚೆಗೇ. ಎಲ್ಲದಕ್ಕೂ ಒಂದೊಂದು ದಾರಿ ಮಾಡಿದೆ. ಉಳಿದಿದ್ದು ಹಸು.

ಹೊಸ ಮನೆಗೆ ಮೊದಲು ಹಸು ಹೋಗ್ಬೇಕು. ಅದು ಒಳಗೆ ಗಂಜಲ ಹಾಕಿದ್ರಂತೂ ಪರಮ ಶುಭ, ಎಲ್ಲರೂ ಅದಕ್ಕೇ ಕಾಯ್ತಾರೆ. ನಾನು ಅತ್ತೆ ಹತ್ರ, "ಹೊಸ್ತಿಲ ತನಕ ಬಂದು ಹೋದ್ರೆ ಸಾಲದಾ?" ಅಂತ ಮೆಲ್ಲಗೆ ಕೇಳಿದೆ. "ಹಸು ತುಳೀದಿರೋ ಮನೇಲಿ ನಾನು ಕಾಲಿಡಲ್ಲ. ಹಳೇ ಮನೇಲೇ ಇರ್ತೀನಿ" ಅಂದ್ರು. ಅಲ್ಲಿಗೆ ಮಾತು ಮುಗೀತು.

ಅವತ್ತು ನಾನು ರೇಷ್ಮೆ ಸೀರೆ ಉಟ್ಕೊಂಡು, ಬಾಗಿಲ ಹಿಂದೆ ಒರೆಸೋ ಬಟ್ಟೆ ಬಚ್ಚಿಟ್ಕೊಂಡು ನಿಂತಿದ್ದೆ. ಅತ್ತೆ ಕಣ್ಣಿಗೆ ಅದು ಬಿತ್ತು. "ಶುಭದ ಹೊತ್ತಲ್ಲಿ ಒರೆಸೋ ಬಟ್ಟೆನಾ? ಬುದ್ಧಿ ಇದೆಯಾ ನಿನಗೆ?" ಅಂತ ಕಿತ್ಕೊಂಡು, ಉಗ್ರಾಣದಲ್ಲಿಟ್ಟು ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸ್ಕೊಂಡ್ರು.

ನಾಟಿ ಹಸು ಸಿಗ್ಲಿಲ್ಲ ಅಂತ ಹಿಂದಿನ ಬೀದಿಯಿಂದ ದೊಡ್ಡ ಸೀಮೆ ಹಸು ಹೊಡ್ಕೊಂಡು ಬಂದ್ರು. ಬಂತು ತಾಯಿ. ಹೊಸ್ತಿಲು ದಾಟಿತು. ಮರದ ಮೇಲೆ ಒಂದು ಹೆಜ್ಜೆ ಇಟ್ಟು ನೋಡ್ತು, ಇನ್ನೊಂದು ಇಟ್ಟು ನೋಡ್ತು, ನಡುಮನೆ ಮಧ್ಯಕ್ಕೆ ಬಂದು ನಿಂತ್ಬಿಡ್ತು. ಹಸುವಿನ ಯಜಮಾನ ಹಗ್ಗ ಎಳೆದ್ರೂ ಕದಲಲಿಲ್ಲ. ಕಣ್ಣು ಅರ್ಧ ಮುಚ್ಕೊಂಡು ಮೆಲುಕು ಹಾಕ್ತಾ ನಿಂತಿತ್ತು. ನನಗೆ ಒಂದು ಗಳಿಗೆ ಅದರ ಮೇಲೆ ಪ್ರೀತಿನೇ ಬಂತು, ಈ ಊರಲ್ಲಿ ನನ್ನ ನೆಲ ಮೆಚ್ಚಿದ ಮೊದಲ ಜೀವ ಅದು. ಅಷ್ಟರಲ್ಲಿ ಬಾಲ ಎತ್ತಿತು.

ಬಿಂದಿಗೆ ಬಗ್ಗಿಸಿದ ಹಾಗೆ ಸುರೀತು. ಎಲ್ಲರ ಮುಖದಲ್ಲೂ ಆನಂದ. ಅತ್ತೆ ಎರಡೂ ಕೈ ಅಗಲಿಸಿ, "ಯಾರೂ ಒರೆಸ್ಬೇಡಿ, ತಾನಾಗೇ ಆರ್ಲಿ. ಮಹಾಲಕ್ಷ್ಮಿ ಬಂದವಳೆ" ಅಂದ್ರು. ನಾನು ನೋಡ್ತಿದ್ದೀನಿ, ಅದು ಪಟ್ಟಿಗಳ ಸಂದಿ ಹುಡುಕ್ಕೊಂಡು ಹರೀತಾ ಇದೆ. ಸಂದಿಗೆ ಇಳಿದ್ರೆ ಮುಗೀತು. ಉಬ್ಬಿದ ಪಟ್ಟಿಗೆ ಬದಲಿ ಹಾಕೋಣ ಅಂದ್ರೆ ಬದಲಿ ಎಲ್ಲ ಹಂಡೆ ಒಲೇಲಿ ಬೂದಿ ಆಗಿದೆ.

ನನಗೆ ಏನೂ ತೋಚಲಿಲ್ಲ. ಮಂಡಿ ಊರಿ ಕೂತೆ, ರೇಷ್ಮೆ ಸೀರೆ ಸೆರಗು ಎಳೆದು ಒತ್ತಿ ಒತ್ತಿ ಒರೆಸೋಕೆ ಶುರು ಮಾಡ್ದೆ.

ಬೈಗುಳ ಬೀಳುತ್ತೆ ಅಂತ ತಲೆ ಬಗ್ಗಿಸ್ಕೊಂಡೇ ಒರೆಸ್ತಿದ್ದೆ. ಪುರೋಹಿತರ ದನಿ ಕೇಳಿಸ್ತು. "ನೋಡಿ, ಎಲ್ಲರೂ ನೋಡಿ. ಗೋಮೂತ್ರಾನ ಪಟ್ಟೆ ಸೀರೆ ಸೆರಗಲ್ಲಿ ಸ್ವೀಕಾರ ಮಾಡ್ತಿದ್ದಾರೆ. ಈ ಕಾಲದಲ್ಲಿ ಇಂಥ ಭಕ್ತಿ ಯಾರಿಗಿದೆ?"

ಅಷ್ಟು ಹೇಳಿದ್ದೇ ತಡ, ಬಂದಿದ್ದ ಹೆಂಗಸರೆಲ್ಲ ಸೆರಗು ಹಿಡ್ಕೊಂಡು ನನ್ನ ಸುತ್ತ ಕೂತ್ಬಿಟ್ರು. ನಾನು ಸೂಪರ್‌ವೈಸರು, ಜನ ಸಿಕ್ಕಿದ್ರೆ ಕೆಲಸ ತೆಗೆಯೋದು ಗೊತ್ತು. "ಚಿಕ್ಕಮ್ಮ, ಆ ಕಡೆ ಹರೀತಿದೆ, ಬಿಡ್ಬೇಡಿ. ಅತ್ತಿಗೆ, ಸಂದಿಗೆ ಒತ್ತಿ, ಪುಣ್ಯ ಎಲ್ಲ ಸಂದೀಲೇ ಇರೋದು" ಅಂತ ಕೂತಲ್ಲಿಂದಲೇ ಲೈನ್ ನಡೆಸ್ದೆ. ನೋಡ್ತಾ ನೋಡ್ತಾ ನೆಲ ಒಣಗಿ ಫಳಫಳ ಅಂತು. ಒಂದು ಪಟ್ಟಿ ಉಬ್ಬಲಿಲ್ಲ. ಗೆದ್ದೆ ಅಂದ್ಕೊಂಡೆ.

ಅತ್ತೆ ಬಂದು ನನ್ನನ್ನ ಎಬ್ಬಿಸಿ ತಬ್ಬಿಕೊಂಡ್ರು. ಮದುವೆ ಆಗಿ ಬಂದಾಗಿನಿಂದ ತಬ್ಬಿಕೊಂಡಿದ್ದು ಅದೇ ಮೊದಲು. ಕಣ್ಣೊರೆಸ್ಕೊಂಡು, ಹಸುವಿನ ಯಜಮಾನನ ಕಡೆ ತಿರುಗಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು. "ನಮ್ಮ ಸೊಸೆಗೆ ಇಷ್ಟು ಭಕ್ತಿ ಅಂತ ನನಗೇ ಗೊತ್ತಿರ್ಲಿಲ್ಲ. ಇನ್ಮೇಲೆ ಪ್ರತಿ ಶುಕ್ರವಾರ ಹಸುನ ಒಳಗೆ ಹೊಡ್ಕೊಂಡು ಬಾರಪ್ಪ."

"ಅದಕ್ಕೇನಮ್ಮ, ಬೆಳಿಗ್ಗೇನೇ ತರ್ತೀನಿ. ಅದಕ್ಕೂ ಈ ಜಾಗ ಒಗ್ಗಿದೆ" ಅಂದ ಅವನು.

ಇವತ್ತು ಗುರುವಾರ. ಬೀರುವಿಂದ ಒಂದು ಹಳೇ ಹತ್ತಿ ಸೀರೆ ತೆಗೆದಿಟ್ಟಿದ್ದೀನಿ. ರೇಷ್ಮೆ ನೋಡೋಕೆ ಚೆಂದ, ಹೀರಲ್ಲ.