ನನ್ನ ಒರೆಸುವ ಬಟ್ಟೆಯ ಮಾನ ಕಳೆದ ಯಂತ್ರಕ್ಕೆ

ಮಾನ್ಯ ಪಿಸಿಆರ್ ಯಂತ್ರದವರೇ,

ನೀರು ಪರೀಕ್ಷೆಯ ಪ್ರಯೋಗಾಲಯದ ಒಳಕೋಣೆಯಲ್ಲಿ, ಎಸಿಯ ತಂಪಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಹೊದ್ದು ವಿರಾಜಮಾನರಾಗಿರುವ ತಮಗೆ, ಅದೇ ಕೋಣೆಯ ನೆಲ ಒರೆಸುವ, ಆರನೇ ತರಗತಿಯನ್ನು ಅರ್ಧಕ್ಕೇ ಬಿಟ್ಟ ನಾನು ಚಪ್ಪಲಿ ಹೊರಗಿಟ್ಟು ಮಾಡುವ ನಮಸ್ಕಾರಗಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಈ ಸಾಲನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಇದರ ಒಂದು ಪ್ರತಿಯನ್ನು ಎಲ್ಲರೂ ಓದಲೆಂದು ಬಾಗಿಲಿಗೆ ಅಂಟಿಸಿದ್ದೇನೆ.

ತಮ್ಮ ಸಾಮರ್ಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ನೀರಿನಲ್ಲಿ ಕೆಟ್ಟ ಕ್ರಿಮಿಯ ಡಿಎನ್‌ಎ ಎಂಬ ಗುರುತಿನ ಎಳೆ ಒಂದೇ ಒಂದು ಸಿಕ್ಕರೂ ಸಾಕು, ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತಾ ಕೋಟಿ ಮುಟ್ಟಿಸಿ, ಪರದೆಯ ಮೇಲೆ ಗೆರೆ ಏರಿಸಿಬಿಡುತ್ತೀರಿ. ಇದೇ ಕೆಲಸವನ್ನು ನಾನು ಕರೆಂಟಿಲ್ಲದೆ ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ ಎಂದು ವಿನಯದಿಂದ ತಿಳಿಸುತ್ತೇನೆ. ಮಗಳು ಬೆಳಿಗ್ಗೆ ಒಮ್ಮೆ ಸೀನಿದರೆ ಮಧ್ಯಾಹ್ನಕ್ಕೆ ಅದನ್ನು ನ್ಯುಮೋನಿಯಾ ಮಾಡಿ, ಸಂಜೆಗೆ ಆಸ್ಪತ್ರೆಗೆ ಹೋಗುವ ಚೀಲವನ್ನೂ ತುಂಬಿಟ್ಟಿರುತ್ತೇನೆ.

ಆ ಮಗಳೇ ಈಗ ಒಂದು ತಿಂಗಳ ಕೂಸನ್ನೆತ್ತಿಕೊಂಡು ನಮ್ಮ ಮನೆಗೆ ಬರುವವಳಿದ್ದಳು. ಕೂಸಿಗೆ ಪುಡಿಹಾಲು, ಅದಕ್ಕೆ ನೀರು; ನನ್ನ ನಿದ್ದೆ ಹೋಗಲು ಇಷ್ಟು ಸಾಲದೇ? ಇಪ್ಪತ್ತು ನಿಮಿಷ ಕುದಿಸಿದ ನೀರನ್ನು ಬಾಟಲಿಯಲ್ಲಿ ತಂದು, ಪ್ರಯೋಗಾಲಯದ ಮೇಡಂ ಅವರನ್ನು ಕಾಡಿ ಬೇಡಿ ತಮ್ಮ ಮುಂದಿಡಿಸಿದೆ. ತಾವು ಕ್ರಿಮಿ ಇದೆ ಎಂದಿರಿ. ಬರಬೇಡ ಎಂದು ಫೋನು ಮಾಡಿದರೆ ಮಗಳು, "ಅಪ್ಪಾ, ಮೊಮ್ಮಗು ಬೇಡ ಅಂತ ನೇರವಾಗಿ ಹೇಳಿಬಿಡು, ಪಾಪ ನೀರಿನ ಮೇಲೆ ಯಾಕೆ ಹಾಕ್ತೀಯ?" ಎಂದು ಅತ್ತಳು.

ಕುದಿಸಿ ಕೊಂದಿದ್ದೇನಲ್ಲ ಎಂದು ನಾನು ವಾದಿಸಿದಾಗ ಮೇಡಂ, "ಸತ್ತಿದ್ದನ್ನೂ ಇದು ಹಿಡಿಯುತ್ತೆ ಅಣ್ಣ, ಬದುಕಿದ್ಯಾ ಅಂತ ತಟ್ಟೇಲಿ ಬೆಳೆಸಿ ನೋಡೋಣ, ತಾಳಿ" ಎಂದರು. ಸತ್ತವರ ಮೇಲೂ ದೂರು ದಾಖಲಿಸುವ ತಮ್ಮ ಸ್ವಭಾವವನ್ನು ಖಂಡಿಸಲೆಂದೇ ನಾನು ಈ ಪತ್ರ ಶುರುಮಾಡಿದ್ದು. ಆದರೆ ಮರುದಿನ ತಟ್ಟೆಯ ತುಂಬ ಬೆಳೆದ ಕ್ರಿಮಿಗಳ ಚುಕ್ಕೆಗಳು, ಎಲ್ಲವೂ ಜೀವಂತ. ಆಮೇಲೆ ನನ್ನ ಹೆಂಡತಿ, ಮೇಡಂ ಹೇಳಿದಂತೆ, ಅವರೇ ಕೊಟ್ಟ ಬಾಟಲಿಗೆ ನಲ್ಲಿಯಿಂದ ನೇರವಾಗಿ ಹಿಡಿದು ಕಳಿಸಿದ ನೀರಿನಲ್ಲಿ ತಮಗೆ ಏನೂ ಸಿಗಲಿಲ್ಲ.

ಕುದಿಸಿದ ಮೇಲೆ ಏನು ಮಾಡುತ್ತೀರಿ ಎಂದು ಮೇಡಂ ಕೇಳಿದರು. ಅತಿ ಜಾಗ್ರತೆಯವನು ಏನು ಮಾಡುತ್ತಾನೆ? ಬಾಟಲಿಯ ಒಳಗೂ ಹೊರಗೂ ನನ್ನ ನೆಚ್ಚಿನ ಬಟ್ಟೆಯಿಂದ ಒರೆಸಿ, ನೀರು ತುಂಬಿ, ಬಾಯಿಯನ್ನು ಮತ್ತೊಮ್ಮೆ ಒರೆಸುತ್ತೇನೆ. ಆ ಬಟ್ಟೆಯನ್ನು ಹಿಂಡಿದ ನೀರನ್ನು ಕೊಟ್ಟಾಗ ತಮ್ಮ ಗೆರೆ ಏರಿದ ವೇಗಕ್ಕೆ ಮೇಡಂ ಕುರ್ಚಿಯಿಂದ ಎದ್ದು ನಿಂತರು. ಮನೆಯಲ್ಲಿ ಹೆಂಡತಿ, "ನೀರಿಗೆ ಏನೂ ಆಗಿಲ್ಲ ಕಣ್ರೀ, ನೀರಿಗೆ ನೀವು ಆಗಿದ್ದೀರಿ" ಎಂದಳು.

ಆದುದರಿಂದ ನನ್ನ ವಿನಂತಿ ಇಷ್ಟೇ: ತಮ್ಮ ಸಣ್ಣ ಕೊಳವೆಯಲ್ಲಿ ನನ್ನ ಚಿಂತೆಗಳ ಒಂದು ಹನಿ ಹಾಕಿಕೊಂಡು, ಯಾವುದು ಜೀವಂತ, ಯಾವುದು ಎಂದೋ ಸತ್ತದ್ದು ಎಂದು ಬೇರೆಮಾಡಿ, ಮೊಹರು ಹಾಕಿದ ವರದಿ ದಯಪಾಲಿಸಬೇಕು. ಸತ್ತದ್ದನ್ನೂ ಬದುಕಿದ್ದನ್ನೂ ಒಂದೇ ಎಂದು ಎಣಿಸುವ ಕಾಯಿಲೆ ತಮಗೊಬ್ಬರಿಗೇ ಅಲ್ಲ.

ಮಗಳು ನಾಳೆ ಬರುತ್ತಾಳೆ. ನೀರಿನ ಉಸ್ತುವಾರಿ ಹೆಂಡತಿಯದು. ಸೋಪು ಹಾಕಿ ಕೈ ತೊಳೆದು ಬಂದರೆ ಕೂಸನ್ನು ಎತ್ತಿಕೊಳ್ಳಲು ನನಗೆ ಅನುಮತಿ ಸಿಕ್ಕಿದೆ. ಅದರ ಬಾಯಿ ಒರೆಸಲು ಸಿಕ್ಕಿಲ್ಲ.

ತಲೆತಗ್ಗಿಸಿ ನಿಂತಿರುವ,
ತಮ್ಮ ವಿಶ್ವಾಸಿ,
ನೆಲ ಒರೆಸುವವನು

ತಾ.ಕ.: ಆ ಬಟ್ಟೆಯನ್ನು ಹರಿದು ಎರಡು ಮಾಡಿದ್ದೆ. ಇನ್ನೊಂದು ತುಂಡಿನಿಂದ ಒಂದು ವರ್ಷದಿಂದ ದಿನವೂ ಬೆಳಿಗ್ಗೆ ತಮ್ಮ ಮುಚ್ಚಳವನ್ನು ಒರೆಸುತ್ತಿದ್ದೇನೆ. ತಮ್ಮನ್ನು ಇದುವರೆಗೆ ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ ಎಂಬುದೊಂದು ಸಣ್ಣ ಚಿಂತೆ.