ಅರ್ಧ ಸೌಟು ಕರಿ ಸಾರು

ಟೆಲಾಂಡ್ರನ ಕಷ್ಟಕ್ಕೆಲ್ಲ ಮೂಲ, ಅವನ ಮಗಳು ಓಟದಲ್ಲಿ ಗೆದ್ದದ್ದು. ಗೆದ್ದವಳಿಗೂ ಅವಳ ಗೆಳತಿಯರಿಗೂ ಎಂದು ಹೆಂಡತಿ ಯೂಪೋಲಿಯ ಎಳ್ಳು, ಜೇನು ತುಂಬಿದ ಗೋಧಿ ಕಡುಬು ಮಾಡಿಸಿ, ಬುಟ್ಟಿಗೆ ಬಟ್ಟೆ ಮುಚ್ಚಿ, ಹುಡುಗಿಯರನ್ನು ಕರೆತರಲು ಹೋಗಿದ್ದಳು. ಮಧ್ಯಾಹ್ನ ಕವಾಯತು ಮುಗಿಸಿ ಬಂದ ಟೆಲಾಂಡ್ರ, ರುಚಿ ನೋಡೋಣವೆಂದು ಒಂದು ಬಾಯಿಗೆ ಹಾಕಿಕೊಂಡ. ಒಂದು ತಿಂದರೆ ಗೊತ್ತಾಗುವುದಿಲ್ಲವೆಂದು ಇನ್ನೊಂದು. ಬುಟ್ಟಿಯ ತಳ ಕಂಡಾಗಲೇ ಅವನಿಗೆ ಎಚ್ಚರವಾದದ್ದು.

ಹೆಂಡತಿ ಬಂದು ಬುಟ್ಟಿ ನೋಡಿದಳು, ಗಂಡನ ಹೊಟ್ಟೆ ನೋಡಿದಳು.

"ರೀ, ಇಪ್ಪತ್ತು ಕಡುಬು ಇತ್ತಲ್ರೀ!"

"ತಿಂದದ್ದು ಹದಿನೆಂಟೇ," ಎಂದ ಟೆಲಾಂಡ್ರ. "ಎರಡು ಇನ್ನೂ ಇದೆ."

"ಸಂಜೆ ಕೂಟದಲ್ಲಿ ಏನು ಮಾಡ್ತೀರಿ?"

ಸ್ಪಾರ್ಟಾದಲ್ಲಿ ಗಂಡಸರು ಮನೆಯಲ್ಲಿ ಉಂಡು ಕೂಟದೂಟಕ್ಕೆ ಹೋಗುವ ಹಾಗಿಲ್ಲ. ಹದಿನೈದು ಜನ ಒಂದೇ ಮೇಜಿಗೆ ಕೂತು, ಒಂದೇ ಕೊಪ್ಪರಿಗೆಯ ಕರಿ ಸಾರು ಕುಡಿಯಬೇಕು. ಹಂದಿಯ ರಕ್ತಕ್ಕೆ ಹುಳಿ, ಉಪ್ಪು ಹಾಕಿ ಕುದಿಸಿದ ಸಾರು ಅದು. ಯಾರ ಬಟ್ಟಲು ಬೇಗ ಖಾಲಿಯಾಗಲಿಲ್ಲವೋ ಅವನ ಮೇಲೆ ಉಳಿದ ಹದಿನಾಲ್ಕು ಜನರ ಕಣ್ಣು. ಹೋದ ವರ್ಷ ಮನೆಯಲ್ಲಿ ಮೀನು ಹುರಿದುಕೊಂಡು ತಿಂದು ಸಿಕ್ಕಿಬಿದ್ದವನನ್ನು ಕೂಟದಿಂದಲೇ ತೆಗೆದರು. ಕೂಟವಿಲ್ಲದವನು ಆ ಊರಿನಲ್ಲಿ ಇದ್ದರೂ ಇಲ್ಲದ ಹಾಗೆಯೇ.

ಅರಗಿಸಿಕೊಳ್ಳಲೆಂದು ಟೆಲಾಂಡ್ರ ಯುರೋಟಸ್ ನದಿಯ ದಂಡೆಗುಂಟ ಓಡತೊಡಗಿದ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆಯೇ ಓಡುತ್ತಿತ್ತು. ಎದುರಿಗೆ ನೆರೆಮನೆಯ ಮೊಲೋಬ್ರ, ಹೆಗಲ ಮೇಲೆ ಕಾಡುಹಂದಿ ಹೊತ್ತುಕೊಂಡು ಬಂದ.

"ಏನಣ್ಣ, ಹಸಿವು ಬರಿಸ್ಕೊಳ್ತಿದ್ದೀಯಾ? ಬರಿಸ್ಕೋ, ಬರಿಸ್ಕೋ! ಇವತ್ತು ಕೂಟಕ್ಕೆ ನನ್ನ ಬೇಟೆ. ತೊಡೆ ಭಾಗ ನಿನಗೇ."

"ಬೇಡಪ್ಪ, ಹುಡುಗರಿಗೆ ಕೊಡು..."

"ಮಗಳು ಗೆದ್ದಿದಾಳೆ, ಅಪ್ಪ ತಿನ್ನದೆ ಇದ್ರೆ ಹೇಗೆ? ನಾನೇ ನಿಂತು ತಿನ್ನಿಸ್ತೀನಿ, ನೋಡ್ತಿರು."

ಇಷ್ಟು ಒಳ್ಳೆಯ ನೆರೆಯವನನ್ನು ಅವತ್ತಿನಷ್ಟು ಟೆಲಾಂಡ್ರ ಎಂದೂ ಶಪಿಸಿರಲಿಲ್ಲ. ತಣ್ಣೀರಲ್ಲಿ ಮುಳುಗಿದರೆ ಜೀರ್ಣವಾದೀತೆಂದು ಸೀದಾ ನದಿಗೆ ಧುಮುಕಿದ. ಟೈಗೆಟಸ್ ಬೆಟ್ಟದ ಹಿಮ ಕರಗಿ ಬಂದ ನೀರು. ಜೀರ್ಣವೇನೂ ಆಗಲಿಲ್ಲ, ಬಿಕ್ಕಳಿಕೆ ಮಾತ್ರ ಹತ್ತಿಕೊಂಡಿತು.

ಸಂಜೆ ಕೂಟದ ಬಾಗಿಲಲ್ಲಿ ಹಿರಿಯ ಅಲ್ಕಾನರ್ ಅಜ್ಜ ನಿಂತಿದ್ದ. ಪಕ್ಕದಲ್ಲಿ ಹೊಸಬನೊಬ್ಬ. ಮಿಲೇಟಸ್ ಪಟ್ಟಣದ ವ್ಯಾಪಾರಿಯಂತೆ, ಹೆಸರು ಹೆರ್ಮಿಯ. ಮೈಯೆಲ್ಲ ಗುಲಾಬಿ ಎಣ್ಣೆಯ ಘಮ, ಕಂಕುಳಲ್ಲಿ ತನ್ನದೇ ಒಂದು ಮೆತ್ತನೆಯ ದಿಂಬು.

"ದೂರದ ಅತಿಥಿ," ಅಜ್ಜ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಊರಿನ ಮಾನ ಕಾಪಾಡಿ."

ಹೆರ್ಮಿಯ ಮರದ ಬೆಂಚಿನ ಮೇಲೆ ದಿಂಬು ಹಾಕಿ ಕೂತ. ಬೆಂಚು ನುಣುಪಾಗಿತ್ತು, ದಿಂಬು ಜಾರಿತು, ದಿಂಬಿನ ಹಿಂದೆ ಅವನೂ ಜಾರಿದ. ಅವನನ್ನು ಎತ್ತಿ ಕೂರಿಸಿದ ಜಾಗ ಸರಿಯಾಗಿ ಟೆಲಾಂಡ್ರನ ಎದುರಿಗೆ.

ಕರಿ ಸಾರು ಬಂತು. ಹೆರ್ಮಿಯ ಒಂದು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡ. ಟೆಲಾಂಡ್ರನೂ ಒಂದು ಗುಟುಕು ಕುಡಿದ. ಅದು ಗಂಟಲಲ್ಲೇ ನಿಂತು, ಮೇಲೋ ಕೆಳಗೋ ಎಂದು ಯೋಚಿಸಿ, ಅರೆಮನಸ್ಸಿನಿಂದ ಇಳಿಯಿತು. ಅವನು ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ದೂಡಿದ.

ಅಷ್ಟರಲ್ಲಿ ಮೊಲೋಬ್ರ ಹಬೆಯಾಡುವ ತೊಡೆ ಮಾಂಸ ತಂದು ಎದುರಿಗಿಟ್ಟ. "ತಿನ್ನಣ್ಣ!"

ಟೆಲಾಂಡ್ರ ತಲೆ ಅಲ್ಲಾಡಿಸಿದ.

"ಒಂದು ತುಂಡಾದ್ರೂ?"

ಮತ್ತೆ ತಲೆ ಅಲ್ಲಾಡಿಸಿದ. ಬಾಯಿ ಬಿಟ್ಟರೆ ಬಿಕ್ಕಳಿಕೆ ಹೊರಬರುತ್ತಿತ್ತು. ಹಲ್ಲು ಕಚ್ಚಿ, ಬೆನ್ನು ನೆಟ್ಟಗೆ ಮಾಡಿ, ಮೂಗಿನಿಂದ ಉಸಿರಾಡುತ್ತ ಗೋಡೆ ನೋಡುತ್ತ ಕೂತ. ಹಣೆಯ ಮೇಲೆ ಬೆವರು. ಹದಿನಾಲ್ಕು ಜನರೂ ಬಟ್ಟಲು, ಚೂರಿ ಕೆಳಗಿಟ್ಟು ಅವನನ್ನೇ ನೋಡತೊಡಗಿದರು. ಅಲ್ಕಾನರ್ ಅಜ್ಜ ಎದ್ದು ಬಂದು ಅವನ ಗಡ್ಡದ ಬಳಿ ಬಗ್ಗಿ ಮೂಸಿದ. ಎಳ್ಳು, ಜೇನಿನ ವಾಸನೆಗೆ ಅಜ್ಜನ ಹುಬ್ಬು ಮೇಲೇರಿತು.

ಮುಗಿಯಿತು ನನ್ನ ಕತೆ ಎಂದುಕೊಂಡ ಟೆಲಾಂಡ್ರ.

"ಆಹಾ!" ಎಂದು ಕೂಗಿದವನು ಹೆರ್ಮಿಯ. ಅವನ ಕಣ್ಣು ಈ ಸಲ ನಿಜವಾಗಿಯೂ ತುಂಬಿತ್ತು. "ಎಂಥಾ ಸಂಯಮ ಸ್ವಾಮಿ! ದಿನವಿಡೀ ದುಡಿದ ಮೈ. ಎದುರಿಗೆ ಹಂದಿಯ ತೊಡೆ. ಒಂದೇ ಗುಟುಕು ಸಾರಿಗೆ ಸಾಕು ಅಂದ್ರಲ್ಲ! ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ! ಇಲ್ಲಿ ಎಲ್ಲರೂ ಹೀಗೇನಾ?"

ಅಲ್ಕಾನರ್ ಅಜ್ಜ ಟೆಲಾಂಡ್ರನನ್ನು ನೋಡಿದ, ಅತಿಥಿಯನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ಎಲ್ಲರೂ," ಎಂದ.

ಹದಿಮೂರು ಕೈಗಳು ಒಟ್ಟಿಗೆ ಮಾಂಸದ ತಟ್ಟೆಯಿಂದ ಹಿಂದೆ ಸರಿದವು.

ಅತಿಥಿ ಕಣ್ಣೊರೆಸಿಕೊಳ್ಳುತ್ತ ಹೋದ ಮೇಲೆ ಟೆಲಾಂಡ್ರ ಅಜ್ಜನ ಕಾಲು ಹಿಡಿದ. "ತಪ್ಪಾಯ್ತಜ್ಜ. ಹದಿನೆಂಟು ಕಡುಬು. ನನ್ನನ್ನ ಕೂಟದಿಂದ ತೆಗೀಬೇಡಿ."

"ತೆಗೆಯೋದಾ? ಹುಚ್ಚಪ್ಪ! ಆ ಮನುಷ್ಯ ಹಡಗು ಹತ್ತಿ ಊರೂರಿಗೆ ನಿನ್ನ ಕತೆ ಹೇಳ್ತಾನೆ. ಕೇಳಿದೋರೆಲ್ಲ ಕಣ್ಣಾರೆ ನೋಡೋಕೆ ಬರ್ತಾರೆ. ಬಂದಾಗ ಏನು ತೋರ್ಸೋದು, ಈ ಮೊಲೋಬ್ರ ಮೂಳೆ ಚೀಪೋದನ್ನಾ? ಅತಿಥಿ ಇದ್ದ ದಿನ ನಿನಗೆ ಅರ್ಧ ಸೌಟು ಸಾರು. ಅಷ್ಟೇ."

ದಂಡನೆ ಇಷ್ಟೇ ತಾನೇ ಎಂದು ಟೆಲಾಂಡ್ರ ಹಗುರಾಗಿ ಮನೆಗೆ ನಡೆದ. ಅತಿಥಿ ಎಂಬ ಪ್ರಾಣಿ ಆ ಊರಿಗೆ ಬರುತ್ತಿದ್ದದ್ದೇ ವರ್ಷಕ್ಕೊಮ್ಮೆ.

ಆ ವರ್ಷ ಅತಿಥಿಗಳು ಹಿಂಡುಹಿಂಡಾಗಿ ಬಂದರು. ಥೀಬ್ಸ್‌ನಿಂದ ಇಬ್ಬರು, ಅಥೆನ್ಸ್‌ನಿಂದ ಆರು ಜನ, ಸಾಮೋಸ್ ದ್ವೀಪದಿಂದ ಒಂದು ಇಡೀ ಸಂಸಾರ. ಟೆಲಾಂಡ್ರನ ಪಕ್ಕೆಲುಬು ಎಣಿಸಬಹುದಾಗಿತ್ತು. ಮನೆಯಲ್ಲಾದರೂ ಏನಾದರೂ ಸಿಕ್ಕೀತೆಂದರೆ ಯೂಪೋಲಿಯ ಉಗ್ರಾಣದ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. "ಲೋಕವೇ ನಿಮ್ಮನ್ನ ಹೊಗಳ್ತಿದೆ ರೀ. ಒಂದು ಅಂಜೂರನೂ ಮುಟ್ಟಬೇಡಿ."

ಒಂದು ಸಂಜೆ ಕೊರಿಂಥ್‌ನ ದಪ್ಪ ಮನುಷ್ಯನೊಬ್ಬ ಎದುರಿಗೆ ಕೂತಿದ್ದ.

"ನಮ್ಮ ಕಡೆ ನಿಮ್ಮೂರ ಹೆಸರು ಒಂದು ಮಾತೇ ಆಗ್ಬಿಟ್ಟಿದೆ ನೋಡಿ," ಎಂದ. "ಹೆಂಡ್ತಿ ಅಳತೆ ಮಾಡಿ ಬಡಿಸಿದ್ರೆ, 'ಏನಿದು, ಸ್ಪಾರ್ಟಾನಾ?' ಅಂತೀವಿ. ಮಂಚಕ್ಕೆ ಹಾಸಿಗೆ ಇಲ್ದಿದ್ರೆ ಸ್ಪಾರ್ಟಾ, ಗೋಡೆಗೆ ಸುಣ್ಣ ಇಲ್ದಿದ್ರೂ ಸ್ಪಾರ್ಟಾ."

ಆಗಲೇ ಟೆಲಾಂಡ್ರನ ಹೊಟ್ಟೆಯೊಳಗಿಂದ ಬಂಡೆ ಉರುಳಿದಂಥ ಶಬ್ದ ಹೊರಟು ಕೂಟವನ್ನೆಲ್ಲ ತುಂಬಿತು. ಅತಿಥಿ ಬೆಚ್ಚಿ ಛಾವಣಿ ನೋಡಿದ.

"ಏನದು ಸದ್ದು?"

"ಸ್ಪಾರ್ಟಾ," ಎಂದ ಟೆಲಾಂಡ್ರ.

"ಭಲೇ! ಒಂದೇ ಮಾತು!" ಅತಿಥಿ ತೊಡೆ ತಟ್ಟಿಕೊಂಡ. ಅಲ್ಕಾನರ್ ಅಜ್ಜ ಹೆಮ್ಮೆಯಿಂದ ಉಬ್ಬಿಹೋಗಿ, ಟೆಲಾಂಡ್ರನ ಬಟ್ಟಲಲ್ಲಿದ್ದ ಅರ್ಧ ಸೌಟಿನಲ್ಲಿ ಅರ್ಧವನ್ನು ತನ್ನ ಬಟ್ಟಲಿಗೆ ಬಗ್ಗಿಸಿಕೊಂಡ.